ಕಂಪ್ರೆಸರ್ ಹೋಯಿತು ಸರಿ, ಎಣ್ಣೆ ಎಲ್ಲಿ ಹೋಯಿತು?

ಪ್ರಶ್ನೆ: ಕಾಕಾ, ನನ್ನದು 2014ರ ಡೀಸೆಲ್ ಕಾರು, 96,000 ಕಿ.ಮೀ. ಓಡಿದೆ. ಸಪ್ತಾಪುರದ ಮನೆಯಿಂದ ಹುಬ್ಬಳ್ಳಿಯ ವಿದ್ಯಾನಗರಕ್ಕೆ ದಿನಾ ಓಡಾಟ. ಬೆಳಿಗ್ಗೆ ಹೋಗುವಾಗ ಎಸಿ ತಂಪು ಕೊಡುತ್ತದೆ. ಮಧ್ಯಾಹ್ನ ಮರಳುವಾಗ ಉಣಕಲ್ ಹತ್ತಿರ ಸಿಗ್ನಲ್ಲಿಗೆ ನಿಂತರೆ ಸಾಕು, ಬಿಸಿ ಗಾಳಿ. ಕಳೆದ ಬೇಸಿಗೆಯಿಂದ ಮೂರು ಸಲ ಗ್ಯಾಸ್ ತುಂಬಿಸಿದ್ದೇನೆ. ಈಗ ಎಸಿ ಹಾಕಿದರೆ ಬಾನೆಟ್ಟಿನೊಳಗೆ ಹಿಟ್ಟಿನ ಗಿರಣಿಯ ಸದ್ದು. ಒಬ್ಬರು ಕಂಪ್ರೆಸರ್ ಹೋಗಿದೆ, 24,000 ರೂಪಾಯಿ ಎಂದರು. ಇನ್ನೊಬ್ಬರು ಗುಜರಿಯಿಂದ ತಂದು 8,000ದಲ್ಲಿ ಕೂರಿಸಿಕೊಡುತ್ತೇನೆ ಎಂದರು. ಮೂರನೆಯವರು ಬರೀ ಬೇರಿಂಗ್ ಎಂದರು. ಯಾರನ್ನು ನಂಬಲಿ?
— ಕಾಲೇಜು ಉಪನ್ಯಾಸಕ, ಧಾರವಾಡ

ಉತ್ತರ: ಮಾಸ್ತರರೇ, ಮೂವರೂ ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ಕೇಳಲೇಬೇಕಾದ ಒಂದು ಮಾತನ್ನು ಮೂವರೂ ಕೇಳಿಲ್ಲ: ಮೂರು ಸಲ ತುಂಬಿಸಿದ ಗ್ಯಾಸ್ ಎಲ್ಲಿ ಹೋಯಿತು?

ಎಸಿ ಗ್ಯಾಸ್ ಡೀಸೆಲ್ಲಿನ ಹಾಗೆ ಉರಿದು ಮುಗಿಯುವ ವಸ್ತುವಲ್ಲ. ಬಾಯಿ ಕಟ್ಟಿದ ಕೊಳವೆಯೊಳಗೆ ಅದೇ ಗ್ಯಾಸ್ ಕಂಪ್ರೆಸರಿನಿಂದ ಹಿಂಡಿಸಿಕೊಂಡು, ತಣಿದು ದ್ರವವಾಗಿ, ಮತ್ತೆ ಹಿಗ್ಗಿ ಆವಿಯಾಗಿ ಸುತ್ತುತ್ತಲೇ ಇರುತ್ತದೆ. ರಬ್ಬರ್ ಪೈಪಿನಿಂದ, ಶಾಫ್ಟಿನ ಸೀಲಿನಿಂದ ವರ್ಷಕ್ಕೆ ಒಂದಷ್ಟು ಗ್ರಾಂ ಜಾರುವುದು ಸಹಜ. ಹತ್ತು ವರ್ಷದ ಗಾಡಿಗೆ ಒಂದೆರಡು ಸಲ ತುಂಬಿಸಿದ್ದರೆ ನಾನು ಹುಬ್ಬೇರಿಸುತ್ತಿರಲಿಲ್ಲ. ವರ್ಷದಲ್ಲಿ ಮೂರು ಸಲ ಎಂದರೆ ಎಲ್ಲೋ ತೂತಿದೆ. ತೂತು ಹುಡುಕದೆ ತುಂಬಿಸುತ್ತ ಹೋದವರು ನಿಮ್ಮ ಕಂಪ್ರೆಸರಿನ ಆಯುಷ್ಯವನ್ನೇ ತಿಂದಿದ್ದಾರೆ. ಈ ಸಣ್ಣ ಕಂಪ್ರೆಸರಿನಲ್ಲಿ ಎಂಜಿನ್ನಿನಲ್ಲಿರುವಂತೆ ಕಡ್ಡಿ ಎಳೆದು ಎಣ್ಣೆ ನೋಡುವ ಸೌಕರ್ಯವಿಲ್ಲ. ಸಣ್ಣ ಕಾರಿನ ಇಡೀ ಎಸಿಯಲ್ಲಿ ಇರುವ ಎಣ್ಣೆ ಸುಮಾರು 100ರಿಂದ 150 ಮಿ.ಲೀ., ಖಾನಾವಳಿಯ ಒಂದು ಲೋಟ ಚಹಾದಷ್ಟು. ಅದನ್ನು ಹೊತ್ತು ತಿರುಗಿಸುವುದು ಗ್ಯಾಸೇ. ಗ್ಯಾಸ್ ಸೋರಿದರೆ ಎಣ್ಣೆಯೂ ಅದರ ಬೆನ್ನು ಹತ್ತಿ ಹೋಗುತ್ತದೆ. ತುಂಬಿಸುವವನು ಗ್ಯಾಸ್ ಹಾಕುತ್ತಾನೆ, ಎಣ್ಣೆ ಹಾಕುವುದಿಲ್ಲ. ಮೂರನೆಯ ಸಲಕ್ಕೆ ತಂಪು ಬಂತು ಎಂದು ನೀವು ಖುಷಿಪಟ್ಟಿದ್ದೀರಿ. ಒಳಗೆ ಪಿಸ್ಟನ್ನುಗಳು ಒಣಗಂಟಲಲ್ಲಿ ಓಡುತ್ತಿದ್ದವು.

ಸದ್ದಿನ ವಿಷಯಕ್ಕೆ ಬರೋಣ. ಯಾರ ಗ್ಯಾರೇಜಿಗೂ ಹೋಗುವ ಮೊದಲು ಮನೆಯ ಮುಂದೆಯೇ ಬಾನೆಟ್ ಎತ್ತಿ. ಶಾಲು, ಸಡಿಲ ತೋಳು ಬೆಲ್ಟಿನ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಎಸಿ ಬಂದ್ ಇಟ್ಟು ಎಂಜಿನ್ ಚಾಲೂ ಮಾಡಿ, ಎರಡು ನಿಮಿಷ ಸುಮ್ಮನೆ ನಿಂತು ಕೇಳಿ. ಕಂಪ್ರೆಸರಿನ ಪುಲ್ಲಿಯನ್ನು ಬೆಲ್ಟ್ ಯಾವಾಗಲೂ ತಿರುಗಿಸುತ್ತಿರುತ್ತದೆ. ಅದರ ಮುಂದಿರುವ ತಟ್ಟೆಯಂಥ ಭಾಗ ಮಾತ್ರ ಸುಮ್ಮನೆ ನಿಂತಿರುತ್ತದೆ. ಎಸಿ ಬಂದ್ ಇದ್ದಾಗಲೂ ಸದ್ದು ಬಂದರೆ ಪುಲ್ಲಿಯ ಬೇರಿಂಗ್, ಇಲ್ಲವೇ ಪಕ್ಕದ ಆಲ್ಟರ್ನೇಟರ್, ಬೆಲ್ಟ್ ಹಾಯುವ ಐಡ್ಲರ್ ಪುಲ್ಲಿ ಇವುಗಳಲ್ಲಿ ಯಾವುದೋ ಒಂದು. ಆಗ ಮೂರನೆಯವರ ಮಾತು ಸರಿ, ಕಂಪ್ರೆಸರ್ ಬದಲಿಸುವ ಕೆಲಸವಿಲ್ಲ. ಈಗ ಒಳಗೆ ಕುಳಿತವರಿಗೆ ಎಸಿ ಹಾಕಲು ಹೇಳಿ. ‘ಟಕ್’ ಎಂದು ತಟ್ಟೆ ಪುಲ್ಲಿಗೆ ಅಂಟಿಕೊಂಡು ತಿರುಗತೊಡಗುತ್ತದೆ. ಸದ್ದು ಆ ಕ್ಷಣಕ್ಕೇ ಶುರುವಾಗಿ, ಎಸಿ ಬಂದ್ ಮಾಡಿದೊಡನೆ ನಿಂತರೆ ರೋಗ ಒಳಗಿದೆ. ‘ಎಸಿ ಹಾಕಿದರೆ’ ಎಂದು ನೀವೇ ಬರೆದಿರುವುದರಿಂದ ನನ್ನ ಅನುಮಾನವೂ ಆ ಕಡೆಗೇ. ಆದರೂ ಕಂಪ್ರೆಸರನ್ನು ಎಂಜಿನ್ನಿಗೆ ಬಿಗಿದಿರುವ ಬೋಲ್ಟುಗಳಿಗೆ ಒಮ್ಮೆ ಪಾನಾ ಹಾಕಿಸಿ. ಒಂದು ಬೋಲ್ಟ್ ಸಡಿಲಾಗಿದ್ದರೂ ಇಂಥದ್ದೇ ಸದ್ದು ಬರುತ್ತದೆ. ಹೊಸ ಕಂಪ್ರೆಸರಿಗೆ ದುಡ್ಡು ಹೊಂದಿಸಿಕೊಂಡು ಬಂದಿದ್ದ ಒಬ್ಬರನ್ನು ಬೋಲ್ಟ್ ಬಿಗಿದು ಚಹಾ ಕುಡಿಸಿ ಕಳುಹಿಸಿದ್ದೇನೆ.

ಮಧ್ಯಾಹ್ನ ನಿಂತಾಗ ಬಿಸಿ ಗಾಳಿ ಎಂಬುದು ಬೇರೆ ಲಕ್ಷಣ. ಅದನ್ನು ಈ ಸದ್ದಿಗೆ ಗಂಟು ಹಾಕಬೇಡಿ. ಹಿಂಡಿದ ಬಿಸಿ ಗ್ಯಾಸ್ ತಣಿದು ದ್ರವವಾಗುವುದು ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ. ಗಾಡಿ ಓಡುವಾಗ ಎದುರುಗಾಳಿಯೇ ಅದನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಎಸಿ ಹಾಕಿ ರೇಡಿಯೇಟರಿನ ಫ್ಯಾನ್ ತಿರುಗುತ್ತದೆಯೇ, ಜೋರಾಗಿ ತಿರುಗುತ್ತದೆಯೇ ನೋಡಿ. ಫ್ಯಾನ್ ಸತ್ತಿದ್ದರೆ ಒತ್ತಡ ಏರಿ, ಪ್ರೆಶರ್ ಸ್ವಿಚ್ಚೇ ಕಂಪ್ರೆಸರನ್ನು ಬಂದ್ ಮಾಡುತ್ತದೆ. ಫ್ಯಾನ್ ಸರಿಯಿದ್ದರೆ ಬಿಸಿಲಲ್ಲಿ ಗಾಡಿ ನಿಲ್ಲಿಸಿ, ಎಸಿ ಹಾಕಿಟ್ಟು, ಮುಂದಿನ ಜಾಲರಿಯ ಮೂಲಕ ಕಂಡೆನ್ಸರಿನ ಮೇಲಷ್ಟೇ ಎರಡು ತಂಬಿಗೆ ನೀರು ನಿಧಾನವಾಗಿ ಹೊಯ್ಯಿರಿ. ಎಂಜಿನ್ನಿನ ಮೇಲೆ ಬೀಳಬಾರದು. ಒಂದೆರಡು ನಿಮಿಷದಲ್ಲಿ ಒಳಗಿನ ಗಾಳಿ ತಣ್ಣಗಾದರೆ ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ ಎಂದು ಅರ್ಥ. ನಮ್ಮ ಕಡೆಯ ಎರೆಮಣ್ಣಿನ ಧೂಳು ಮಳೆಗಾಲದ ಕೆಸರಿನ ಜೊತೆ ಸೇರಿ, ಒಣಗಿ, ಕಂಡೆನ್ಸರಿನ ರೆಕ್ಕೆಗಳ ನಡುವೆ ಗಾರೆ ಹಾಕಿದಂತೆ ಕುಳಿತಿರುತ್ತದೆ. ಎಂಜಿನ್ನಿನ ಕಡೆಯಿಂದ ಹೊರಕ್ಕೆ, ಸಣ್ಣ ಒತ್ತಡದ ನೀರಿನಲ್ಲಿ ತೊಳೆಯಿಸಿ. ವಾಷಿಂಗ್ ಅಂಗಡಿಯ ಜೋರು ಪೈಪು ಹಿಡಿದರೆ ರೆಕ್ಕೆಗಳೇ ಮಡಚಿಕೊಳ್ಳುತ್ತವೆ.

ಇಷ್ಟಾದ ಮೇಲೆ ಒತ್ತಡ ಅಳೆಯುವ ಗೇಜ್. ಇಲ್ಲಿ ನಿಮ್ಮನ್ನು ಮೋಸ ಮಾಡುವುದು ಸುಲಭ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಂಜಿನ್ ಬಂದ್ ಇದ್ದಾಗ ಗೇಜ್ ಹಾಕಿ, ‘ನೋಡಿ, 115 ಪೌಂಡ್ ಇದೆ, ಗ್ಯಾಸ್ ಫುಲ್’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮಂಥ ಗಾಡಿಯ ಎಸಿಗೆ ಹಾಕುವ ಆರ್-134ಎ ಎಂಬ ಗ್ಯಾಸ್ 35 ಡಿಗ್ರಿ ಸೆಖೆಯಲ್ಲಿ, ಒಳಗೆ ಒಂದಿಷ್ಟು ದ್ರವ ಉಳಿದಿರುವ ತನಕ ಅಷ್ಟೇ ಒತ್ತಡ ತೋರಿಸುತ್ತದೆ. ಸ್ಟಿಕರಿನಲ್ಲಿ ಬರೆದಷ್ಟು ಪೂರ್ತಿ ಇದ್ದರೂ ಅಷ್ಟೇ, ಅರ್ಧ ಸೋರಿದ್ದರೂ ಹೆಚ್ಚುಕಡಿಮೆ ಅಷ್ಟೇ. ಅಡುಗೆ ಸಿಲಿಂಡರ್ ಮುಗಿಯುವ ಹಿಂದಿನ ದಿನವೂ ಒಲೆ ಜೋರಾಗಿಯೇ ಉರಿಯುವುದಿಲ್ಲವೇ, ಹಾಗೆ. ಓಡುತ್ತಿರುವಾಗಿನ ಲೆಕ್ಕವೇ ಲೆಕ್ಕ. ಎಂಜಿನ್ನನ್ನು 1,500 ಆರ್‌ಪಿಎಂನಲ್ಲಿ ಇಟ್ಟು, ಬ್ಲೋವರ್ ಪೂರ್ತಿ ತಿರುಗಿಸಿ, ಬಾಗಿಲು ತೆರೆದು ನೋಡಿದರೆ ಆರೋಗ್ಯವಂತ ಎಸಿಯಲ್ಲಿ ಕಂಪ್ರೆಸರಿಗೆ ಗ್ಯಾಸ್ ಮರಳುವ ಕಡೆಯ ನೀಲಿ ಗೇಜ್ 30–45, ಹಿಂಡಿ ಹೊರಬಿಡುವ ಕಡೆಯ ಕೆಂಪು ಗೇಜ್ 200–250 ಪೌಂಡಿನ ಸುಮಾರಿಗೆ ನಿಲ್ಲುತ್ತವೆ. ಎರಡೂ ತಗ್ಗಿನಲ್ಲಿದ್ದರೆ ಗ್ಯಾಸ್ ಕಡಿಮೆ. ಎರಡೂ ಏರಿದ್ದರೆ ಗ್ಯಾಸ್ ಹೆಚ್ಚಾಗಿದೆ, ಇಲ್ಲವೇ ಕಂಡೆನ್ಸರ್ ಉಸಿರಾಡುತ್ತಿಲ್ಲ. ನೀಲಿ ಏರಿ ಕೆಂಪು ಇಳಿದು, ಮುನಿಸು ಮರೆತ ದಾಯಾದಿಗಳಂತೆ ಎರಡು ಮುಳ್ಳುಗಳೂ ಹತ್ತಿರ ಬಂದರೆ, ಅಂದರೆ ನೀಲಿ 75, ಕೆಂಪು 130 ಎಂಬಂತೆ, ಮತ್ತು ಆಕ್ಸಿಲರೇಟರ್ ಒತ್ತಿದರೂ ಅವು ಅಲುಗಾಡದಿದ್ದರೆ, ಕಂಪ್ರೆಸರ್ ತಿರುಗುತ್ತಿದೆ, ಹಿಂಡುತ್ತಿಲ್ಲ. ಒಂದು ಎಚ್ಚರಿಕೆ: ಕೆಲವು ಗಾಡಿಗಳಲ್ಲಿ ‘ಟಕ್’ ಎನ್ನುವ ಕ್ಲಚ್ಚೇ ಇರುವುದಿಲ್ಲ. ಕಂಪ್ರೆಸರಿನ ಬೆನ್ನಿಗೆ ಕೂರಿಸಿದ ಒಂದು ಕಂಟ್ರೋಲ್ ವಾಲ್ವ್ ಎಷ್ಟು ಹಿಂಡಬೇಕೆಂದು ತೀರ್ಮಾನಿಸುತ್ತದೆ. ವಾಲ್ವ್ ಕೆಟ್ಟರೂ ಮುಳ್ಳುಗಳು ಹೀಗೇ ನಿಲ್ಲುತ್ತವೆ, ಆದರೆ ಆಗ ಸಾಮಾನ್ಯವಾಗಿ ಗಿರಣಿಯ ಸದ್ದು ಇರುವುದಿಲ್ಲ. ಅಂಥಲ್ಲಿ ವಾಲ್ವ್ ಒಂದನ್ನೇ ಬದಲಿಸಿ ನೋಡಬೇಕು.

ಗೇಜ್ ಹೇಳಿದ್ದನ್ನು ಎಣ್ಣೆ ರುಜು ಮಾಡುತ್ತದೆ. ಗ್ಯಾಸನ್ನು ಯಂತ್ರಕ್ಕೆ ಎಳೆದುಕೊಂಡ ಮೇಲೆ ಕಂಪ್ರೆಸರಿನ ಪೈಪು ಬಿಚ್ಚಿದಾಗ ನೀವು ಪಕ್ಕದಲ್ಲೇ ನಿಂತಿರಿ. ಪೈಪಿನ ಬಾಯಿಗೆ ಬೆರಳು ಹಾಕಿ, ಒಂದು ಹನಿ ಎಣ್ಣೆಯನ್ನು ಬಿಳಿ ಬಟ್ಟೆಗೆ ಒರೆಸಿ, ಬಿಸಿಲಿಗೆ ಹಿಡಿಯಿರಿ. ತಿಳಿಯಾಗಿ, ಎಳ್ಳೆಣ್ಣೆಯ ಬಣ್ಣದಲ್ಲಿದ್ದರೆ ಪುಣ್ಯ. ಸೋರಿಕೆ ಹುಡುಕಲು ಹಿಂದೆ ಯಾರಾದರೂ ಬಣ್ಣ ಹಾಕಿದ್ದರೆ ಹಸಿರು ಕಾಣಬಹುದು, ಅದಕ್ಕೆ ಹೆದರಬೇಡಿ. ಬೂದುಬಣ್ಣಕ್ಕೆ ತಿರುಗಿ, ಅದರಲ್ಲಿ ಮದುವೆ ಬಾಸಿಂಗದ ಬೇಗಡೆಯಂತೆ ಸಣ್ಣ ಮಿಂಚು ಕಂಡರೆ ಅದು ಅಲ್ಯೂಮಿನಿಯಂ ಪುಡಿ, ಕಂಪ್ರೆಸರಿನ ಸ್ವಂತ ಮಾಂಸ.

ಈ ಪುಡಿಯ ಪಾಠ ನಾನು ಕಲಿತದ್ದು ಬೇರೆಯವರ ಗಾಡಿಯ ಖರ್ಚಿನಲ್ಲಿ. 2004ರ ಬೇಸಿಗೆ. ಗದಗ ದಾರಿಯಲ್ಲಿ ಓಡುತ್ತಿದ್ದ ಬಾಡಿಗೆ ಕಾರೊಂದರ ಕಂಪ್ರೆಸರ್ ಜಾಮ್ ಆಗಿ ಗೋಕುಲ ರಸ್ತೆಯ ನನ್ನ ಶೆಡ್ಡಿಗೆ ಬಂತು. ಹೊಸದು ಕೂರಿಸಿದೆ, ಗ್ಯಾಸ್ ತುಂಬಿದೆ, ಕೈ ತೊಳೆದೆ. ಮೂರು ತಿಂಗಳಿಗೆ ಅದೇ ಡ್ರೈವರ್, ಅದೇ ಸದ್ದು. ಬಿಚ್ಚಿ, ಕಂಪ್ರೆಸರನ್ನು ತಲೆಕೆಳಗು ಮಾಡಿ, ಒಳಗಿನದ್ದನ್ನು ಚಹಾದ ಲೋಟಕ್ಕೆ ಬಸಿದೆ. ಕಾಡಿಗೆಯಂಥ ಎಣ್ಣೆ ನಾಲ್ಕು ಚಮಚೆಯಷ್ಟು ಬಿತ್ತು. ಲೋಟವನ್ನು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ನೋಡಿದರೆ ತಳದಲ್ಲಿ ಬೆಳ್ಳಿಯ ಗಸಿ. ಹಳೆಯ ಕಂಪ್ರೆಸರಿನ ಪುಡಿಯೆಲ್ಲ ಕಂಡೆನ್ಸರಿನೊಳಗೆ ಕುಳಿತಿತ್ತು. ನಾನು ಕೊಟ್ಟ ಹೊಸ ಕಂಪ್ರೆಸರ್ ಮೂರು ತಿಂಗಳು ಅದನ್ನೇ ನುಂಗುತ್ತ ತಿರುಗಿತ್ತು. ಆ ಡ್ರೈವರ್ ಒಂದು ಮಾತೂ ಬಯ್ಯಲಿಲ್ಲ. ‘ಮುಂದೇನು ಮಾಡೋಣ ಅಣ್ಣಾ?’ ಎಂದು ಕೇಳಿದ. ಎರಡನೆಯ ಕಂಪ್ರೆಸರಿಗೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಲೋಟ ಈಗಲೂ ಶೆಡ್ಡಿನ ಕಪಾಟಿನಲ್ಲಿದೆ. ಹೊಸ ಹುಡುಗರು ಕೆಲಸಕ್ಕೆ ಬಂದಾಗ ಮೊದಲು ಅದನ್ನು ತೋರಿಸುತ್ತೇನೆ.

ಆದ್ದರಿಂದ 24,000 ಎಂದವರ ಹತ್ತಿರ ಹೋಗಿ, ಅದರಲ್ಲಿ ಏನೇನು ಸೇರಿದೆ ಎಂದು ಕೇಳಿ. ಕಂಪ್ರೆಸರ್ ಒಂದೇ ಆದರೆ ಬೇಡ. ಎಣ್ಣೆಯಲ್ಲಿ ಮಿಂಚು ಕಂಡಿದ್ದರೆ ಕಂಡೆನ್ಸರ್ ಬದಲಾಗಲೇಬೇಕು. ಈಗಿನ ಕಂಡೆನ್ಸರಿನ ಚಪ್ಪಟೆ ಕೊಳವೆಗಳೊಳಗಿನ ದಾರಿ ಎಷ್ಟು ಸಣ್ಣದೆಂದರೆ, ಎಷ್ಟು ತೊಳೆದರೂ ಪುಡಿ ಪೂರ್ತಿ ಹೊರಬರುವುದಿಲ್ಲ. ಎಕ್ಸ್‌ಪ್ಯಾನ್ಷನ್ ವಾಲ್ವ್ (ದ್ರವವನ್ನು ಹಿಗ್ಗಲು ಬಿಡುವ ಸಣ್ಣ ಕಿಂಡಿ) ಮತ್ತು ಡ್ರೈಯರ್ (ತೇವ ಹೀರುವ ಭಾಗ) ಹೊಸದು. ಪೈಪು ಹಾಗೂ ಕಾರಿನೊಳಗಿನ ಗಾಳಿಯನ್ನು ತಣಿಸುವ ಕೂಲಿಂಗ್ ಕಾಯಿಲನ್ನು ಫ್ಲಶ್ ಮಾಡಿ, ಅಂದರೆ ಒಳಗೆಲ್ಲ ತೊಳೆದು, ಒಣ ನೈಟ್ರೋಜನ್ ಊದಬೇಕು. ಎಣ್ಣೆ ತಿಳಿಯಾಗಿದ್ದರೆ ಕಂಡೆನ್ಸರ್, ವಾಲ್ವ್ ಉಳಿಸಿಕೊಳ್ಳಬಹುದು. ಡ್ರೈಯರ್ ಮಾತ್ರ ಆಗಲೂ ಬದಲಾಗಬೇಕು, ಓ-ರಿಂಗುಗಳೂ ಬದಲಾಗಬೇಕು. ಹಳೆಯ ಓ-ರಿಂಗಿಗೇ ಎಣ್ಣೆ ಸವರಿ ಕೂರಿಸುವ ಜಿಪುಣತನವನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ಮತ್ತೆ ಆ ತೂತು. ಗ್ಯಾಸ್ ಸೋರುವ ಜಾಗದಲ್ಲಿ ಎಣ್ಣೆ ಜಿನುಗಿ, ಅದಕ್ಕೆ ಧೂಳು ಮೆತ್ತಿ ಕಪ್ಪು ಕಲೆ ಬಿದ್ದಿರುತ್ತದೆ. ಕಂಡೆನ್ಸರಿನ ಕೆಳ ಅಂಚು, ಪೈಪಿನ ಜೋಡಣೆ, ಕಂಪ್ರೆಸರಿನ ಮೂತಿ ಇವನ್ನು ಮೊದಲು ನೋಡಬೇಕು. ಹೊರಗೆ ಎಲ್ಲೂ ಕಾಣದಿದ್ದರೆ ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲ್. ಅದು ದೊಡ್ಡ ಕೆಲಸ, ಆದರೆ ಅದನ್ನು ಬಿಟ್ಟು ಕಂಪ್ರೆಸರ್ ಬದಲಿಸಿದರೆ ಮುಂದಿನ ಬೇಸಿಗೆಗೆ ಇದೇ ಪ್ರಶ್ನೆಯನ್ನು ಮತ್ತೆ ಬರೆಯುತ್ತೀರಿ.

ಕೂರಿಸುವಾಗ ಎರಡು ವಿಷಯಕ್ಕೆ ಕಣ್ಣಿಡಿ. ಒಂದು ಎಣ್ಣೆ. ಹೊಸ ಕಂಪ್ರೆಸರ್ ಬಹಳ ಸಲ ಇಡೀ ಎಸಿಗೆ ಬೇಕಾದಷ್ಟು ಎಣ್ಣೆ ತುಂಬಿಕೊಂಡೇ ಬರುತ್ತದೆ. ಎಲ್ಲವನ್ನೂ ಫ್ಲಶ್ ಮಾಡಿದ್ದರೆ ಅಷ್ಟೂ ಇರಲಿ. ಮಾಡದಿದ್ದರೆ ಪೈಪು, ಕಾಯಿಲ್‌ಗಳಲ್ಲಿ ಹಳೆಯ ಎಣ್ಣೆ ಉಳಿದಿರುತ್ತದೆ. ಹಳೆಯ ಕಂಪ್ರೆಸರಿನಿಂದ ಬಸಿದದ್ದನ್ನು ಅಳೆದು, ಹೊಸದರಲ್ಲಿ ಅಷ್ಟೇ ಉಳಿಸಬೇಕು. ನಿಮ್ಮದರಂತೆ ಸೋರಿ ಹೋದ ಗಾಡಿಯಲ್ಲಿ ಈ ಲೆಕ್ಕ ಕೈಕೊಡುತ್ತದೆ, ಆದ್ದರಿಂದ ಫ್ಲಶ್ ಮಾಡಿಸುವುದೇ ಲೇಸು. ಎಣ್ಣೆ ಕಡಿಮೆಯಾದರೆ ಕಂಪ್ರೆಸರ್ ಒಣಗುತ್ತದೆ, ಹೆಚ್ಚಾದರೆ ತಂಪು ಕುಂದುತ್ತದೆ. ಯಾವ ದರ್ಜೆಯ ಎಣ್ಣೆ ಎಂಬುದು ಕಂಪ್ರೆಸರಿನ ಮೇಲಿನ ಚೀಟಿಯಲ್ಲೇ ಇರುತ್ತದೆ, ಹೆಚ್ಚಿನವಕ್ಕೆ ಪಿಎಜಿ 46. ಬೆಲ್ಟ್ ಹಾಕುವ ಮೊದಲು ಮುಂದಿನ ತಟ್ಟೆಯನ್ನು ಕೈಯಿಂದ ಹತ್ತು ಸುತ್ತು ತಿರುಗಿಸಬೇಕು. ಸಿಲಿಂಡರಿನಲ್ಲಿ ನಿಂತ ಎಣ್ಣೆ ಹಿಂಡಿಸಿಕೊಳ್ಳುವುದಿಲ್ಲ, ಒಮ್ಮೆಲೇ ಎಂಜಿನ್ ತಿರುಗಿಸಿದರೆ ಒಳಗಿನ ವಾಲ್ವಿನ ಎಲೆ ಮುರಿಯುತ್ತದೆ.

ಎರಡನೆಯದು ವ್ಯಾಕ್ಯೂಮ್. ಐದು ನಿಮಿಷ ಪಂಪು ಓಡಿಸಿ ಗ್ಯಾಸ್ ಬಿಡುವವರಿದ್ದಾರೆ. ಕನಿಷ್ಠ ಅರ್ಧ ಗಂಟೆ, ಇಷ್ಟೆಲ್ಲ ಬಿಚ್ಚಿದ ಗಾಡಿಗೆ ಮುಕ್ಕಾಲು ಗಂಟೆ ಬೇಕು. ಒತ್ತಡ ಪೂರ್ತಿ ಇಳಿದಾಗ ಒಳಗಿನ ತೇವ ನಮ್ಮ ಊರಿನ ಸೆಖೆಗೇ ಕುದಿದು ಆವಿಯಾಗಿ ಹೊರಬರುತ್ತದೆ. ಪಂಪಿನ ಕೆಲಸ ಗಾಳಿ ಎಳೆಯುವುದಷ್ಟೇ ಅಲ್ಲ, ಒಣಗಿಸುವುದು. ಪಂಪು ನಿಲ್ಲಿಸಿ ಕಾಲು ಗಂಟೆ ಮುಳ್ಳು ಅಲುಗದೆ ನಿಂತರೆ ಮುಂದುವರಿಯಲಿ. ಗ್ಯಾಸನ್ನು ತೂಕ ಮಾಡಿ ಹಾಕಬೇಕು. ಎಷ್ಟು ಗ್ರಾಂ ಎಂದು ಬಾನೆಟ್ಟಿನ ಒಳಗಿನ ಸ್ಟಿಕರಿನಲ್ಲಿ ಬರೆದಿರುತ್ತದೆ. ‘ಪೈಪು ತಣ್ಣಗಾಯಿತು, ಸಾಕು’ ಎನ್ನುವುದು ತೂಕವಲ್ಲ. ಕೊನೆಗೆ ನಡುವಿನ ಕಿಂಡಿಗೆ ಥರ್ಮಾಮೀಟರ್ ಇಟ್ಟು ನೋಡಿ. ಹೊರಗೆ 35 ಡಿಗ್ರಿ ಇದ್ದ ದಿನ, ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿಟ್ಟರೆ 6ರಿಂದ 10 ಡಿಗ್ರಿ ಬರಬೇಕು. ಹಳೆಯ ಸಾಮಾನುಗಳನ್ನೆಲ್ಲ ಡಿಕ್ಕಿಯಲ್ಲಿ ಹಾಕಿಸಿಕೊಂಡು ಬನ್ನಿ. ಬದಲಿಸಿದ್ದೇವೆ ಎಂದು ಬಿಲ್ಲಿನಲ್ಲಿ ಬರೆದ ಡ್ರೈಯರ್ ನಿಜವಾಗಿ ಬದಲಾಗಿದೆಯೇ ಎಂದು ತಿಳಿಯಲು ಬೇರೆ ದಾರಿಯಿಲ್ಲ.

8,000ದ ಗುಜರಿ ಮಾಲಿನ ಬಗ್ಗೆ ಕೇಳಿದ್ದೀರಿ. ಗುಜರಿಯಲ್ಲಿ ಒಳ್ಳೆಯ ಕಂಪ್ರೆಸರ್ ಸಿಗುವುದಿಲ್ಲ ಎಂದಲ್ಲ. ಆದರೆ ಅದರ ಎರಡು ಬಾಯಿಗಳಿಗೆ ಮುಚ್ಚಳ ಹಾಕಿಟ್ಟಿದ್ದನ್ನು ನಾನು ಕಂಡದ್ದು ಕಡಿಮೆ. ಈ ಎಣ್ಣೆ ಗಾಳಿಯ ತೇವವನ್ನು ಮಳೆಗಾಲದ ಬೆಲ್ಲದಂತೆ ಎಳೆದುಕೊಳ್ಳುತ್ತದೆ. ಬಾಯಿ ತೆರೆದು ಆರು ತಿಂಗಳು ಮಣ್ಣಲ್ಲಿ ಬಿದ್ದದ್ದಕ್ಕೆ ನಾನು 800 ರೂಪಾಯಿಯನ್ನೂ ಕೊಡುವುದಿಲ್ಲ. ಗಾಡಿಯನ್ನು ಇನ್ನೂ ನಾಲ್ಕು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಹೊಸದು ಹಾಕಿಸಿ. ಈ ದೀಪಾವಳಿಗೇ ಮಾರುವವರಾದರೆ ಬೆಲ್ಟ್ ಹಾಳಾಗುವ ಮೊದಲು ಎಸಿ ಬಂದ್ ಮಾಡಿ, ಕಿಟಕಿ ಇಳಿಸಿ, ಕೊಳ್ಳುವವರಿಗೆ ನಿಜ ಹೇಳಿ ಮಾರಿ.

ಪ್ರಶ್ನೆ: ಅಣ್ಣಾ, ನನ್ನ ಕಾರಿನ ಎಸಿ ಹಾಕಿದರೆ ಕಂಪ್ರೆಸರ್ ತಿರುಗುತ್ತಲೇ ಇರಲಿಲ್ಲ. ನಮ್ಮೂರಿನ ಎಲೆಕ್ಟ್ರಿಷಿಯನ್ ಒಂದು ಸ್ವಿಚ್ಚಿನ ಸಾಕೆಟ್ ಬಿಚ್ಚಿ, ವೈರ್ ತುಂಡು ಹಾಕಿ ಡೈರೆಕ್ಟ್ ಮಾಡಿಕೊಟ್ಟಿದ್ದಾರೆ. ಎರಡು ದಿನದಿಂದ ಕಂಪ್ರೆಸರ್ ತಿರುಗುತ್ತಿದೆ, ಆದರೆ ತಂಪು ಅಷ್ಟಕ್ಕಷ್ಟೆ. ಕಂಪ್ರೆಸರ್ ವೀಕ್ ಆಗಿದೆಯೇ?
— ಕಿರಾಣಿ ವ್ಯಾಪಾರಿ, ಗದಗ

ಉತ್ತರ: ಈ ಪುಟ ಓದಿ ಮುಗಿಸುವ ಮೊದಲು ಹೋಗಿ ಆ ವೈರ್ ತೆಗೆಯಿರಿ. ಆಮೇಲೆ ಮುಂದೆ ಓದಿ.

ಅವರು ಡೈರೆಕ್ಟ್ ಮಾಡಿದ್ದು ಪ್ರೆಶರ್ ಸ್ವಿಚ್. ಗ್ಯಾಸ್ ಬಹಳ ಕಡಿಮೆಯಾದಾಗ ಕಂಪ್ರೆಸರಿಗೆ ಹೋಗುವ ಕರೆಂಟ್ ಕತ್ತರಿಸುವುದು ಅದರ ಕೆಲಸ. ಗ್ಯಾಸ್ ಇಲ್ಲವೆಂದರೆ ಎಣ್ಣೆ ಮರಳಿ ಬರುವುದಿಲ್ಲ, ಎಣ್ಣೆ ಬರದ ಕಂಪ್ರೆಸರ್ ತಿರುಗಬಾರದು. ನಿಮ್ಮ ಸ್ವಿಚ್ ನ್ಯಾಯವಾಗಿ ‘ಬೇಡ’ ಎಂದಿತ್ತು. ಅದರ ಬಾಯಿ ಮುಚ್ಚಿಸಲಾಗಿದೆ. ಎರಡು ದಿನವಾಗಿದೆ, ಇನ್ನೂ ಉಳಿದಿರಬಹುದು. ಪರೀಕ್ಷೆಗೆಂದು ಕೆಲವು ಸೆಕೆಂಡ್ ಡೈರೆಕ್ಟ್ ಮಾಡಿ ನೋಡುವುದುಂಟು. ಹಾಗೇ ಬಿಟ್ಟು ಕಳಿಸುವುದು ಕೆಲಸವಲ್ಲ.

ಸರಿಯಾದ ಕ್ರಮ ಹೀಗೆ. ಮೊದಲು ಗೇಜ್ ಹಾಕಿ ಒಳಗೆ ಒತ್ತಡ ಇದೆಯೇ ನೋಡಬೇಕು. ಗದಗಿನ ಬಿಸಿಲಿಗೆ, ಬಂದ್ ಇದ್ದಾಗಲೂ 30–40 ಪೌಂಡ್ ಮಾತ್ರ ತೋರಿಸಿದರೆ ಗ್ಯಾಸ್ ಖಾಲಿ. ಸ್ವಿಚ್ಚಿನ ತಪ್ಪಿಲ್ಲ, ಸೋರಿಕೆ ಹುಡುಕಿ. ಒತ್ತಡ ಸರಿಯಿದ್ದೂ ತಿರುಗದಿದ್ದರೆ ಆಗ ಕರೆಂಟಿನ ವಿಚಾರಣೆ. ಫ್ಯೂಸ್ ನೋಡಿ. ಎಷ್ಟೋ ಗಾಡಿಗಳಲ್ಲಿ ಎಸಿಯ ರಿಲೇ, ಹಾರ್ನಿನ ರಿಲೇ ಒಂದೇ ಜಾತಿಯವು. ನಂಬರ್ ಒಂದೇ ಇದ್ದರೆ ಅದಲುಬದಲು ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ. ಕ್ಲಚ್ಚಿನ ಸಾಕೆಟ್ಟಿಗೆ 12 ವೋಲ್ಟ್ ಬಂದೂ ಎಳೆಯದಿದ್ದರೆ ಕ್ಲಚ್ಚಿನೊಳಗಿನ ತಂತಿಯ ಕಾಯಿಲನ್ನು ಮೀಟರಿನಲ್ಲಿ ಅಳೆಯಿರಿ. ಸಾಮಾನ್ಯವಾಗಿ 3ರಿಂದ 5 ಓಮ್ ಬರಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಒಳಗೇ ತುಂಡಾಗಿದೆ.

ಬೆಳಿಗ್ಗೆ ಎಳೆದು, ಬಿಸಿಯಾದ ಮೇಲೆ ಬಿಟ್ಟುಬಿಡುವ ಕ್ಲಚ್ ಇನ್ನೊಂದು ಜಾತಿ. ವರ್ಷಗಟ್ಟಲೆ ಸವೆದು ತಟ್ಟೆಗೂ ಪುಲ್ಲಿಗೂ ನಡುವಿನ ಸಂದು ದೊಡ್ಡದಾಗಿರುತ್ತದೆ. ಅದು 0.3ರಿಂದ 0.6 ಮಿ.ಮೀ. ಒಳಗಿರಬೇಕು. ಹೆಚ್ಚಾಗಿದ್ದರೆ ತಟ್ಟೆ ಬಿಚ್ಚಿ, ಒಳಗಿನ ತೆಳು ವಾಷರುಗಳಲ್ಲಿ ಒಂದನ್ನು ತೆಗೆದರೆ ಸಂದು ಸರಿಹೋಗುತ್ತದೆ. ಗ್ಯಾಸ್ ಮುಟ್ಟುವ ಹಾಗೇ ಇಲ್ಲ, ಅರ್ಧ ಗಂಟೆಯ ಕೆಲಸ. ಇದೊಂದಕ್ಕೇ ಹೊಸ ಕಂಪ್ರೆಸರ್ ಹಾಕಿಸಿಕೊಂಡವರನ್ನು ನೋಡಿದ್ದೇನೆ.

ಪ್ರಶ್ನೆ: ಎಸಿ ಹಾಕಿದೊಡನೆ ಕಾರಿನಲ್ಲಿರುವ ಎಲ್ಲರಿಗೂ ಕೆಮ್ಮು, ಕಣ್ಣಲ್ಲಿ ನೀರು. ಐದು ನಿಮಿಷಕ್ಕೆ ಕಡಿಮೆಯಾಗುತ್ತದೆ. ಕಂಪ್ರೆಸರಿನ ಗ್ಯಾಸ್ ಒಳಗೆ ಸೋರುತ್ತಿರಬಹುದೇ? ಮನೆಯವರು ಹೆದರಿ ಕಾರು ಹತ್ತುತ್ತಿಲ್ಲ.
— ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉತ್ತರ: ಸಾಹುಕಾರರೇ, ನಿಮ್ಮ ಸಹಿಯಲ್ಲೇ ಉತ್ತರವಿದೆ. ಆರ್-134ಎ ಗ್ಯಾಸಿಗೆ ಹೇಳಿಕೊಳ್ಳುವಂಥ ವಾಸನೆಯೂ ಇಲ್ಲ, ಘಾಟೂ ಇಲ್ಲ. ಸೀಟಿನ ಮೇಲೆ ಮಾದರಿ ಚೀಲ ಇಟ್ಟುಕೊಂಡು ಮಾರುಕಟ್ಟೆಗೆ ಹೋಗಿಬಂದಿದ್ದೀರಿ, ಒಳಗಿನ ಗಾಳಿ ತಿರುಗಿಸುವ ಬಟನ್ ಒತ್ತಿಯೇ ಇತ್ತು. ಆ ಪುಡಿಯೆಲ್ಲ ಬ್ಲೋವರಿನ ಮೂಲಕ ಹೋಗಿ ಒದ್ದೆಯಾದ ಕೂಲಿಂಗ್ ಕಾಯಿಲಿಗೆ ಮೆತ್ತಿಕೊಂಡಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಲೋಕವೆಲ್ಲ ಹೊಗಳುತ್ತದೆ. ಮೂಗಿಗೆ ಆ ಸುದ್ದಿ ಮುಟ್ಟಿದಂತಿಲ್ಲ.

ಗ್ಲೋವ್ ಬಾಕ್ಸಿನ ಹಿಂದಿರುವ ಕ್ಯಾಬಿನ್ ಫಿಲ್ಟರ್ ತೆಗೆದು ಎಸೆಯಿರಿ, ಕೊಡವಿ ಮತ್ತೆ ಹಾಕಬೇಡಿ. ಫಿಲ್ಟರೇ ಇಲ್ಲದ ಮಾಡೆಲ್ ಆದರೆ ಕಾಯಿಲಿನ ಸ್ಥಿತಿ ಇನ್ನೂ ಕೆಟ್ಟಿರುತ್ತದೆ. ಕಾಯಿಲ್ ತೊಳೆಯುವ ನೊರೆ ಸಿಗುತ್ತದೆ, ಅದನ್ನು ಹೊಡೆಸಿ, ನೀರು ಹೊರಹೋಗುವ ಪೈಪು ಕಟ್ಟಿಲ್ಲದಂತೆ ನೋಡಿಸಿ. ಮಾಡುವ ಹುಡುಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ. ಮನೆಯವರಿಗೆ ಹೆದರಬೇಡಿ ಎಂದು ಹೇಳಿ, ಮಾದರಿ ಚೀಲ ಇನ್ನು ಡಿಕ್ಕಿಗೆ.

ಪ್ರಶ್ನೆ: ನಮ್ಮಲ್ಲಿ ಒಬ್ಬರು ಎಸಿಗೆ ಅರ್ಧ ದರದಲ್ಲಿ ಬೇರೆ ಗ್ಯಾಸ್ ತುಂಬುತ್ತಾರೆ. ಅಡುಗೆ ಗ್ಯಾಸಿನ ಜಾತಿಯದೇ ಅಂತೆ, ತಂಪು ಇನ್ನೂ ಹೆಚ್ಚಂತೆ. ತುಂಬಿಸಬಹುದೇ?
— ಟ್ಯಾಕ್ಸಿ ಚಾಲಕ, ರಾಣೆಬೆನ್ನೂರು

ಉತ್ತರ: ಬೇಡ ತಮ್ಮಾ. ತಂಪು ಬರುತ್ತದೆ ಎಂಬುದು ಸುಳ್ಳಲ್ಲ. ಆದರೆ ಕೂಲಿಂಗ್ ಕಾಯಿಲ್ ಇರುವುದು ನಿನ್ನ ಪ್ಯಾಸೆಂಜರ್ ಕುಳಿತ ಕೋಣೆಯಲ್ಲಿ. ಅದು ಸೋರಿದ ದಿನ ಹಿಂದಿನ ಸೀಟಿನಲ್ಲಿ ಯಾರೋ ಬೀಡಿ ಹಚ್ಚಿದರೆ? ಆರ್-134ಎಗೆ ಮಾಡಿದ ಗಾಡಿಗೆ ಆರ್-134ಎ ಮಾತ್ರ. ಒಮ್ಮೆ ಬೆರೆಸಿಬಿಟ್ಟರೆ ಮುಂದೆ ಯಾವ ಒಳ್ಳೆಯ ಗ್ಯಾರೇಜಿನವನೂ ಅದನ್ನು ತನ್ನ ಯಂತ್ರಕ್ಕೆ ಎಳೆದುಕೊಳ್ಳಲು ಒಪ್ಪುವುದಿಲ್ಲ.

ಪ್ರಶ್ನೆ: ಕಾಕಾ, ಮಳೆಗಾಲ ಮತ್ತು ಚಳಿಗಾಲ ಸೇರಿ ಆರು ತಿಂಗಳು ನಾವು ಎಸಿ ಹಾಕುವುದೇ ಇಲ್ಲ. ಕಂಪ್ರೆಸರಿಗೆ ವಿಶ್ರಾಂತಿ ಸಿಕ್ಕಿ ಹೆಚ್ಚು ಬಾಳುತ್ತದೆ ಎಂದು ನಮ್ಮ ಯಜಮಾನರ ವಾದ. ಪ್ರತಿ ಯುಗಾದಿಗೆ ಗ್ಯಾಸ್ ಕಡಿಮೆಯಾಗಿರುತ್ತದೆ. ಏಕೆ?
— ಶಾಲಾ ಶಿಕ್ಷಕಿ, ಹಾವೇರಿ

ಉತ್ತರ: ಟೀಚರ್, ಯಜಮಾನರ ವಾದ ಎತ್ತುಗಳಿಗೆ ಸರಿ, ಕಂಪ್ರೆಸರಿಗೆ ಅಲ್ಲ. ಶಾಫ್ಟಿನ ಮೂತಿಯಲ್ಲಿರುವ ಸೀಲ್ ಎಣ್ಣೆಯಲ್ಲಿ ನೆನೆದಿದ್ದರೆ ಮಾತ್ರ ಗ್ಯಾಸ್ ಹಿಡಿದಿಡುತ್ತದೆ. ಆರು ತಿಂಗಳು ತಿರುಗದಿದ್ದರೆ ಅದು ಒಣಗಿ, ಅಲ್ಲಿಂದಲೇ ನಿಧಾನವಾಗಿ ಸೋರುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ. ಮಳೆಯಲ್ಲಿ ಮುಂದಿನ ಗಾಜಿಗೆ ಮಂಜು ಕಟ್ಟಿದಾಗ ಹಾಕಿದರೆ ಅದೂ ಒರೆಸಿದಂತೆ ಹೋಗುತ್ತದೆ, ಆಗ ಯಜಮಾನರೂ ಬೇಡ ಎನ್ನಲಾರರು. ಈ ಯುಗಾದಿಗೆ ತುಂಬಿಸುವ ಮೊದಲು ಕಂಪ್ರೆಸರಿನ ಮೂತಿಯ ಸುತ್ತ ಬೆರಳಾಡಿಸಿ ನೋಡಲು ಮಿಸ್ತ್ರಿಗೆ ಹೇಳಿ. ಎಂಜಿನ್ ಬಂದ್ ಇರಲಿ. ಬೆರಳು ಜಿಡ್ಡಾದರೆ ಮೊದಲು ಸೀಲ್, ಆಮೇಲೆ ಗ್ಯಾಸ್.